ಹಿಂದಕ್ಕೆ ಹೋಗದ ಲಾರಿ

ಲಾರಿ ಓಡಿಸುವುದನ್ನು ಮನುಷ್ಯ ಮರೆಯುವುದಿಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಈಜು ಕಲಿತವನನ್ನು ಮುದುಕನಾದ ಮೇಲೆ ನೀರಿಗೆ ತಳ್ಳಿದರೆ ಮುಳುಗುತ್ತಾನೆಯೇ? ಈ ಪ್ರಶ್ನೆಯನ್ನು ನಾನೀಗ ಯಾರಿಗೂ ಕೇಳುವುದಿಲ್ಲ.

ನಡೆದದ್ದು ಹೀಗೆ. ಹಳಿಯಾಳದಲ್ಲಿ ನಮ್ಮ ಓಣಿಯ ಹಿಂದೆ ಮುಚ್ಚಿಹೋದ ಕಟ್ಟಿಗೆ ಅಡ್ಡೆಯೊಂದಿದೆ. ಅದರ ಶೆಡ್ಡಿನಲ್ಲಿ ಒಂದು ವಿಲಾಯತಿ ಲಾರಿ ಸಾಗವಾನಿಯ ತುಂಡುಗಳ ಮೇಲೆ ಬಹಳ ವರ್ಷಗಳಿಂದ ಕುಳಿತಿತ್ತು. ಇಂಗ್ಲೆಂಡಿನಲ್ಲಿ ಹುಟ್ಟಿ ಹಡಗಿನಲ್ಲಿ ಬಂದ ಜಾತಿ. ಹರೆಯದಲ್ಲಿ ನಾನು ದಾಂಡೇಲಿಯ ಸಾಗಾಣಿಕೆ ಕಂಪನಿಗಳಿಗೆ ಇಂಥವನ್ನೇ ಓಡಿಸುತ್ತಿದ್ದೆ. ಜೋಯಿಡಾ ಕಡೆಯಿಂದ ಬಿದಿರು, ಮುಂಡಗೋಡದ ಟಿಬೆಟನ್ ಕಾಲೊನಿಯಿಂದ ಗೋವಿನಜೋಳ. ಒಂದು ಸಲ ಜೋಳದ ಚೀಲಗಳ ಮೇಲೆ ಲಾಮಾ ಒಬ್ಬರು ಹುಬ್ಬಳ್ಳಿಯ ತನಕ ನಿದ್ದೆ ಮಾಡಿಕೊಂಡು ಬಂದಿದ್ದರು. ನನ್ನ ಚಾಲನೆ ಅಷ್ಟು ನಯ ಎಂದು ನಾನು ತಿಳಿದಿದ್ದೇನೆ. ಅವರಿಗೆ ಜ್ವರವಿತ್ತು ಎಂದು ನೀಲವ್ವ ಹೇಳುತ್ತಾಳೆ. ನೀಲವ್ವ ನನ್ನ ಹೆಂಡತಿ.

ಕುಳಗಿ ರಸ್ತೆಯಲ್ಲಿ ಹೊಸದಾಗಿ ರೆಸಾರ್ಟ್ ಕಟ್ಟಿಸಿದ ಸಂತೋಷ ಎಂಬಾತ ಆ ಲಾರಿಯನ್ನು ಕೊಂಡ. ಬಾಗಿಲಲ್ಲಿ ಶೋಭೆಗೆ ನಿಲ್ಲಿಸಬೇಕಂತೆ. ಕ್ರೇನಿನಿಂದ ಎತ್ತಿ ಒಯ್ಯುವ ಬದಲು ಓಡಿಸಿಕೊಂಡೇ ತಂದರೆ ಉದ್ಘಾಟನೆಗೆ ಕಳೆ ಬರುತ್ತದೆ ಎಂದು ಯಾರೋ ಆತನ ತಲೆಗೆ ತುಂಬಿದ್ದರು. ಆತ ನೇರ ನಮ್ಮ ಮನೆಗೆ ಬಂದ.

"ಕಾಕಾ, ಇಂಥಾ ಗಾಡಿ ಹೊಡ್ಯಾವ್ರು ಈಗ ನೀವೊಬ್ಬರ ಉಳದೀರಿ ಅಂತ ಹೇಳಿದ್ರು."

ಇಂಥ ಮಾತಿಗೆ ಯಾವ ಗಂಡಸು ಇಲ್ಲವೆನ್ನುತ್ತಾನೆ? ಒಪ್ಪಿಕೊಂಡೆ.

ಒಳಗಿನಿಂದ ನೀಲವ್ವ ಬಂದಳು. "ನಾನೂ ಬರ್ತೇನಿ. ಮದಿವಿ ಆದಾಗಿಂದ ಲಾರಿ ಲಾರಿ ಅಂತೀರಿ, ಒಂದಿನಾನೂ ಕುಂಡರ್ಸಿಲ್ಲ."

ಅದು ನಿಜ. ಹೆಂಗಸರನ್ನು ಹತ್ತಿಸಬಾರದು ಎಂದು ಆಗಿನ ಕಂಪನಿಯ ಕಟ್ಟಪ್ಪಣೆ ಇತ್ತು. ಈಗ ಕಂಪನಿಯೂ ಇಲ್ಲ, ಅಪ್ಪಣೆಯೂ ಇಲ್ಲ. ನೆಪವೂ ಇಲ್ಲ.

ಎಂಜಿನ್ನಿಗೆ ಜೀವ ಕೊಟ್ಟವನು ದಾಂಡೇಲಿಯ ಮೆಕ್ಯಾನಿಕ್ ಮೆಹಬೂಬ. ಹೊರಡುವ ದಿನ ಬೆಳಿಗ್ಗೆ ಮುಂದಿನ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಅಂಗಿ ಒದ್ದೆ ಮಾಡಿಕೊಂಡು, ಕೊನೆಗೆ ಗಾಡಿ ಗುಡುಗಿದಾಗ ನನ್ನ ಹತ್ತಿರ ಬಂದ.

"ಚಾಚಾ, ಎರಡು ಮಾತು ನೆನಪಿಡ್ರಿ. ನಡುವ ಬಂದ್ ಮಾಡಬ್ಯಾಡ್ರಿ, ಮತ್ತ ಚಾಲೂ ಆಗೂದು ಖಾತ್ರಿ ಇಲ್ಲ. ಇನ್ನ ರಿವರ್ಸ್ ಬೀಳಾಂಗಿಲ್ಲ. ಹಿಂದ ಹೋಗೂ ಪ್ರಸಂಗ ತರಬ್ಯಾಡ್ರಿ."

"ಹಿಂದ ಹೋಗೂ ಮನಷ್ಯಾ ಅಲ್ಲೋ ನಾನು," ಎಂದೆ.

ಲಾರಿಯ ಕೆಳಗಿದ್ದ ಸಾಗವಾನಿ ತುಂಡುಗಳು ಬಚ್ಚಲ ಒಲೆಗೆ ಆದಾವು ಎಂದು ನೀಲವ್ವ ಅಡ್ಡೆಯ ಮಾಲೀಕರನ್ನು ಕೇಳಿ ಹಿಂದೆ ಹಾಕಿಸಿದಳು. ಆಮೇಲೆ ಇಳಕಲ್ ಸೀರೆಯ ನೆರಿಗೆ ಎತ್ತಿಕೊಂಡು ಕ್ಯಾಬಿನ್ನಿಗೆ ಹತ್ತಿ, ಎದುರಿನ ತಗಡಿನಿಂದ ಹೊರಚಾಚಿದ್ದ ಕಬ್ಬಿಣದ ಗುಬ್ಬಿಗೆ ತನ್ನ ಕೈಚೀಲ ತೂಗುಹಾಕಿದಳು.

ಹಳಿಯಾಳದಿಂದ ದಾಂಡೇಲಿಯ ತನಕ ನಾನು ರಾಜನಂತೆ ಬಂದೆ. ಈ ಲಾರಿಗಳ ಗೇರಿಗೆ ಒಂದು ತಾಳವಿದೆ. ಕ್ಲಚ್ ತುಳಿದು ಗೇರು ಬಿಡಿಸಬೇಕು, ಕಾಲೆತ್ತಿ ಎಂಜಿನ್ನನ್ನು ಒಂದಿಷ್ಟು ಕೂಗಿಸಬೇಕು, ಮತ್ತೆ ತುಳಿದು ಹೊಸ ಗೇರಿಗೆ ತಳ್ಳಬೇಕು. ತಾಳ ತಪ್ಪಿದರೆ ಹಲ್ಲು ಕಡಿಯುವ ಸದ್ದು ಬರುತ್ತದೆ, ಗೇರು ಬೀಳುವುದಿಲ್ಲ. ಒಂದೆರಡು ಸಲ ಹಲ್ಲು ಕಡಿಯಿತು. ಗಾಡಿ ಹಳೆಯದು ಎಂದು ನೀಲವ್ವನಿಗೆ ವಿವರಿಸಿದೆ. ರಸ್ತೆಯ ಜನ ಮೊಬೈಲು ಎತ್ತಿ ಫೋಟೋ ತೆಗೆಯುತ್ತಿದ್ದರು. ನೀಲವ್ವ ಸೆರಗು ಸರಿಪಡಿಸಿಕೊಂಡು, "ಕಾಲ್ಬುಡಕ ಒಲಿ ಹಚ್ಚಿದಂಗ ಆಗೇತಲ್ರೀ. ಇದರಾಗ ಹೆಂಗ ಕುಂಡರ್ತಿದ್ರಿ?" ಎಂದಳು. ನನ್ನ ದುಡಿಮೆಯ ಬಗ್ಗೆ ಅವಳು ಅಷ್ಟು ಮರುಕದಿಂದ ಕೇಳಿದ್ದು ಅದೇ ಮೊದಲು. ಎದೆ ಇನ್ನಷ್ಟು ಉಬ್ಬಿತು. ಬಹುಶಃ ಅಪಘಾತಗಳೆಲ್ಲ ಆಗುವುದು ಹೀಗೆಯೇ.

ರೆಸಾರ್ಟಿನ ಮುಂದೆ ಬಾಳೆಕಂಬದ ಕಮಾನು, ಅದರಡಿ ಆರತಿ ಹಿಡಿದ ಹೆಂಗಸರು, ಡೊಳ್ಳಿನವರು, ಹಾರ ಹಿಡಿದ ಸಂತೋಷ. ಎಲ್ಲರೂ ನಾನು ಒಳಗೆ ತಿರುಗಬೇಕಾದ ಜಾಗದಲ್ಲೇ ನಿಂತಿದ್ದರು. ರಸ್ತೆ ಅಲ್ಲಿ ಇಳಿಜಾರು. ಎರಡನೇ ಗೇರಿಗೆ ತರಲು ಕ್ಲಚ್ ತುಳಿದೆ. ಎಡ ಮೊಣಕಾಲು ಚುಳ್ಳೆಂದಿತು, ತಾಳ ತಪ್ಪಿತು, ಹಲ್ಲು ಕಡಿಯಿತು. ಇತ್ತ ಎರಡನೆಯದಕ್ಕೂ ಬೀಳದೆ, ಅತ್ತ ಮೂರನೆಯದಕ್ಕೂ ಹೋಗದೆ ಲಾರಿ ತನ್ನಷ್ಟಕ್ಕೆ ಉರುಳತೊಡಗಿತು. ಬ್ರೇಕ್ ತುಳಿದೆ, ನಾಲ್ಕಾರು ಸಲ ತುಳಿದು ಕೇಳಿಕೊಂಡರೆ ಮಾತ್ರ ಹಿಡಿಯುವ ಬ್ರೇಕು ಅದು. ಕೇಳಿಕೊಳ್ಳುವಷ್ಟು ಸಮಯವಿರಲಿಲ್ಲ. ಆ ವೇಗದಲ್ಲಿ ತಿರುಗಿಸಿದ್ದರೆ ಆರತಿಯ ಸಮೇತ ಎಲ್ಲರನ್ನೂ ಒಳಗೆ ಕರೆದೊಯ್ಯುತ್ತಿದ್ದೆ.

ಆದ್ದರಿಂದ ನೇರ ಹೋದೆ. ಹೋಗುವಾಗ ಕೈ ಬೀಸಿದೆ. ಅದು ಯಾಕೆಂದು ಇಂದಿಗೂ ತಿಳಿಯದು. ನಾನು ಗೌರವದ ಸುತ್ತು ಹಾಕುತ್ತಿದ್ದೇನೆ ಎಂದುಕೊಂಡು ಡೊಳ್ಳಿನವರು ಇನ್ನೂ ಜೋರಾಗಿ ಬಾರಿಸಿದರು.

ಇಳಿಜಾರು ಮುಗಿದ ಮೇಲೆ ಗೇರು ಬಿತ್ತು. ಆದರೆ ಎರಡೂ ಕಡೆ ಕಾಡು, ಕಿರಿದಾದ ರಸ್ತೆ. ಹಿಂದಕ್ಕೂ ಮುಂದಕ್ಕೂ ಹೋಗಬಲ್ಲ ಗಾಡಿಯಾದರೆ ಹೇಗೋ ತಿರುಗಿಸಬಹುದಿತ್ತು. ಸ್ವಲ್ಪ ಹೊತ್ತಿಗೆ ಸಂತೋಷ ಬೈಕಿನಲ್ಲಿ ಬಂದು ನೀಲವ್ವನ ಕಡೆಯ ಕಿಟಕಿಯ ಪಕ್ಕದಲ್ಲೇ ಓಡಿಸುತ್ತ ಏನೋ ಕೂಗಿದ. ಎಂಜಿನ್ ಸದ್ದಿನಲ್ಲಿ ನನಗೆ ಕೇಳಲಿಲ್ಲ.

"ಏನಂತಾನ?" ಎಂದೆ.

"ಎಲ್ಲಿಗೆ ಹೊಂಟೀರಿ ಅಂತ ಕೇಳಾಕ ಹತ್ಯಾನ್ರೀ."

"ಜಾಗಾ ಸಿಕ್ಕಲ್ಲಿ ತಿರುಗಿಸ್ಕೊಂಡು ಬರ್ತೇನಿ ಅಂತ ಹೇಳು."

ನೀಲವ್ವ ಕಿಟಕಿಯಿಂದ ಬಗ್ಗಿ, "ಇವರಿಗೂ ಗೊತ್ತಿಲ್ಲಂತಪಾ," ಎಂದು ಕೂಗಿದಳು.

ಜಾಗ ಸಿಕ್ಕಲಿಲ್ಲ. ಕುಳಗಿಯ ಅರಣ್ಯ ಇಲಾಖೆಯ ಕ್ಯಾಂಪಿನ ಹತ್ತಿರ ರಸ್ತೆಗೆ ಅಡ್ಡಗಂಬ ಬಿದ್ದಿತ್ತು. ಅಷ್ಟರಲ್ಲಿ ಬ್ರೇಕಿಗೆ ನನ್ನ ಪ್ರಾರ್ಥನೆ ಮುಟ್ಟಿತ್ತಾದ್ದರಿಂದ ಕಂಬಕ್ಕೆ ಒಂದು ಮೊಳ ಇರುವಾಗ ನಿಂತಿತು. ಎಂಜಿನ್ ಮಾತ್ರ ಆರಿಸಲಿಲ್ಲ. ಕಾವಲುಗಾರ ನಿಧಾನವಾಗಿ ಬಂದು ಲಾರಿಯನ್ನು ಸುತ್ತಿ, ಹಿಂದಿನ ಹಲಗೆಯ ಮೇಲಿಂದ ಇಣುಕಿದ. ಸಾಗವಾನಿ ತುಂಡುಗಳು ಕಂಡವು. ಮುಖದ ಬಣ್ಣ ಬದಲಾಯಿತು.

"ಅಜ್ಜಾರ, ನನ್ನ ನೌಕರಿನ್ಯಾಗ ಇಂಥಾದ್ದು ನೋಡಿಲ್ಲ. ಮಂದಿ ಕಾಡಿನ್ಯಾಗಿಂದ ಸಾಗವಾನಿ ಕದ್ದು ಹೊರಗ ಒಯ್ತಾರ. ನೀವು ಒಳಗ ತರಾಕ ಹತ್ತೀರಲ್ಲ?"

"ಅದು ಬಚ್ಚಲ ಒಲಿಗಿ," ಎಂದಳು ನೀಲವ್ವ.

"ಬಚ್ಚಲ ಎಲ್ಲೈತ್ರಿ?"

"ಹಳಿಯಾಳದಾಗ."

"ಮತ್ತ ಇಲ್ಲಿಗೆ ಯಾಕ ಬಂದೀರಿ?"

ನಾನು ಗೇರಿನ ಕಡೆ ಬೆರಳು ತೋರಿಸಿದೆ. ಈ ವಯಸ್ಸಿನಲ್ಲಿ, ಅದೂ ಹೆಂಡತಿಯೊಂದಿಗೆ, ಕಟ್ಟಿಗೆ ಕಳ್ಳನೆಂದು ಹೆಸರಾಗುವ ಹೊತ್ತು ಬಂತಲ್ಲ ಎಂದುಕೊಂಡೆ. ಗುರುತಿನ ಚೀಟಿ ತೆಗೆಯಿರಿ ಎಂದ. ಆಧಾರ್ ಕಾರ್ಡು ನೀಲವ್ವನ ಕೈಚೀಲದಲ್ಲಿತ್ತು. ಅವಳು ಅವಸರದಲ್ಲಿ ಚೀಲವನ್ನು ಗುಬ್ಬಿಯಿಂದ ಜಗ್ಗಿದಳು. ಚೀಲದ ಜೊತೆ ಗುಬ್ಬಿಯೂ ಮುಂದೆ ಬಂತು. ಎಂಜಿನ್ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಆ ಗುಬ್ಬಿ ಇರುವುದೇ ಎಂಜಿನ್ ಆರಿಸಲಿಕ್ಕೆ. ಅಷ್ಟು ದೂರ ಅದರ ಮೇಲೆ ಚೀಲ ತೂಗಾಡುತ್ತಿದ್ದುದನ್ನು ಈ ಅನುಭವಿ ಚಾಲಕ ಗಮನಿಸಿರಲಿಲ್ಲ.

ಕಾಡು ಬಹಳ ಶಾಂತವಾಗಿತ್ತು.

ಹಿಂದೆ ಉಳಿದಿದ್ದ ಸಂತೋಷ ಅಷ್ಟರಲ್ಲಿ ಬೈಕಿನಲ್ಲಿ ಬಂದು ಕಾವಲುಗಾರನಿಗೆ ಎಲ್ಲ ವಿವರಿಸಿದ. ಅಡ್ಡೆಯ ಮಾಲೀಕರೂ ಫೋನಿನಲ್ಲಿ ಕಟ್ಟಿಗೆ ತಮ್ಮದೇ ಎಂದರು. ಕಳ್ಳತನದಿಂದ ಪಾರಾದೆವು. ಲಾರಿ ಪಾರಾಗಲಿಲ್ಲ. ಮೆಹಬೂಬನನ್ನು ಕರೆಸಿ ಹ್ಯಾಂಡಲ್ ತಿರುಗಿಸಿದ್ದಾಯಿತು, ಕಾವಲುಗಾರನೂ ತಿರುಗಿಸಿದ. ಕೊನೆಗೆ ಒಂದು ಟ್ರ್ಯಾಕ್ಟರ್ ಬಂತು. ಮೊದಲು ಲಾರಿಯನ್ನು ಹಿಂದಿನಿಂದ ಜಗ್ಗಿ ಕ್ಯಾಂಪಿನ ಅಂಗಳಕ್ಕೆ ಎಳೆದು ಮುಖ ತಿರುಗಿಸಿದರು. ನಾನು ಹಿಂದಕ್ಕೆ ಹೋದೆ.

ಆಮೇಲೆ ಹಗ್ಗದ ತುದಿಯಲ್ಲಿ ರೆಸಾರ್ಟಿಗೆ. ಆರತಿ ಆರಿತ್ತು. ಡೊಳ್ಳಿನವರು ಊಟಕ್ಕೆ ಕುಳಿತಿದ್ದರು. ಹಾರವನ್ನು ಟ್ರ್ಯಾಕ್ಟರಿನವನಿಗೆ ಹಾಕಿದರು. ತಪ್ಪೇನಲ್ಲ, ಗಾಡಿ ತಂದವನು ಅವನೇ.

ಹೋದ ವಾರ ಆ ಕಾವಲುಗಾರ ಹಳಿಯಾಳದ ಸಂತೆಗೆ ಬಂದವನು ನಮ್ಮ ಮನೆಗೂ ಬಂದಿದ್ದ. ಕಟ್ಟಿಗೆ ಚೆನ್ನಾಗಿ ಉರಿಯುತ್ತದೆಯೇ ಎಂದು ವಿಚಾರಿಸಿದ. ನೀಲವ್ವ ಅವನನ್ನು ಕೂರಿಸಿಕೊಂಡು ಇಡೀ ಪ್ರಸಂಗವನ್ನು ಮೊದಲಿನಿಂದ ಹೇಳಿದಳು. ಅವಳ ಕತೆಯಲ್ಲಿ ಲಾರಿ ವಿಮಾನದಂತೆ ಓಡಿತು, ಕಾಡಿನಿಂದ ಆನೆಯೊಂದು ಇಣುಕಿತು, ನಾನು ದೇವರ ಹೆಸರು ಹೇಳುತ್ತ ಕಣ್ಣು ಮುಚ್ಚಿದೆ. ಅಂದು ಅಲ್ಲೇ ಇದ್ದ ಆ ಕಾವಲುಗಾರ, ತಾನು ಆಗ ಏನು ಹೇಳಿದ್ದೆನೆಂಬುದನ್ನೂ ಅವಳ ಬಾಯಿಂದ ಮೈಮರೆತು ಕೇಳಿದ.

"ಆನಿ ಇರಲಿಲ್ಲ," ಎಂದೆ ನಾನು.

"ನೀವು ಕಣ್ಣು ಮುಚ್ಚಿದ್ರಲ್ಲರೀ," ಎಂದ ಅವನು.

ನಾನು ಒಳಗೆ ಹೋಗಿ ಚಹಾ ಸೋಸಿ ತಂದೆ. ಸಕ್ಕರೆ ಕಡಿಮೆಯಾಗಿತ್ತಂತೆ.