ಬಂಡೆ ಮೇಲೆ ಕೂರುವವನಿಗೆ ಬೆಚ್ಚನೆ ಬನಿಯನ್

ಭಟ್ಕಳದಂಥ ಊರಲ್ಲಿ ಬೆಚ್ಚನೆ ಬಟ್ಟೆ ಹುಡುಕಲು ಹೊರಟವನಿಗೆ ನಗೆಪಾಟಲು ತಪ್ಪಿದ್ದಲ್ಲ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಆಗುತ್ತಲೇ ಇರುತ್ತಿತ್ತು. ನಾನು ಪೇಟೆಯ ಬಟ್ಟೆ ಅಂಗಡಿಯಲ್ಲಿ ವರ್ಷಗಟ್ಟಲೆ ಬನಿಯನ್ ಮಾರಿದವ. ಬಂದವರೆಲ್ಲ ಬೆವರು ಹೀರುವಂಥದ್ದು ಕೊಡಿ ಅನ್ನುವವರೇ. ಚಳಿಗೆ ಎಂತ ಇದೆ ಎಂದು ಕೇಳಿದವನು ಒಬ್ಬನೇ, ಅದೂ ನಾನೇ, ನನ್ನಪ್ಪನಿಗಾಗಿ.

ಅಪ್ಪ ಊರ ಪಕ್ಕದ ಜಾಲಿ ಕಡಲದಂಡೆಯಲ್ಲಿ ರಂಪಣಿ ಬಲೆಗೆ ಮೀನು ನೋಡಿ ಹೇಳುವವನು. ಎಪ್ಪತ್ತರ ದಶಕದ ಮಾತು. ಆಗಿನ್ನೂ ನಲವತ್ತು ಮನೆಯವರು ಸೇರಿ ಒಂದೇ ದೊಡ್ಡ ಬಲೆ ಎಳೆಯುತ್ತಿದ್ದರು. ಬೆಳಕು ಹರಿಯುವ ಹೊತ್ತಿಗೆ ಬಂಡೆ ಮೇಲೆ ಕೂತರೆ ಬಿಸಿಲು ಚುರುಕಾಗುವವರೆಗೆ ಅಪ್ಪ ಅಲ್ಲಾಡುವ ಹಾಗಿಲ್ಲ. ನೀರು ಎಲ್ಲಿ ಕಪ್ಪಾಯಿತು, ಹಕ್ಕಿ ಎಲ್ಲಿ ಇಳಿಯಿತು ಎಂದು ನೋಡುತ್ತಲೇ ಇರಬೇಕು. ಬಂಗಡೆಯ ಹಿಂಡು ಕಂಡರೆ ಹೆಗಲ ಮೇಲಿನ ಬಿಳಿ ಪಂಚೆ ಬೀಸಬೇಕು. ಅದನ್ನು ನೋಡಿ ದೋಣಿ ಹೊರಡುತ್ತದೆ.

ನಡೆಯುವವನಿಗೆ ನಮ್ಮೂರ ಚಳಿ ಚಳಿಯೇ ಅಲ್ಲ, ಕೂತವನ ಪಾಡು ಬೇರೆ. ಧನುರ್ಮಾಸದಲ್ಲಿ ಘಟ್ಟದ ಕಡೆಯ ಗಾಳಿ ಬೆನ್ನಿಗೆ ಬಡಿಯುತ್ತಿದ್ದರೆ, ಮೂರು ತಾಸು ಕದಲದೆ ಕೂತ ಮೈ ಮರಗಟ್ಟುತ್ತದೆ. ಆ ವರ್ಷ ಅಪ್ಪನಿಗೆ ಕೆಮ್ಮು ಹಿಡಿಯಿತು. ತಂಡದ ಯಜಮಾನನಿಗೆ ನಾವು ತಾಂಡೇಲ ಅನ್ನುತ್ತೇವೆ. ಆತ ನಮ್ಮ ಜಗಲಿಗೆ ಬಂದು ಕೂತ.

"ಕೆಮ್ಮುವಾಗ ಕಣ್ಣು ಮುಚ್ತದೆ. ಕಣ್ಣು ಮುಚ್ಚಿದವಂಗೆ ಎಂತ ಮೀನು ಕಾಣ್ತದೆ? ಶಿವರಾತ್ರಿ ಒಳಗೆ ವಾಸಿ ಮಾಡ್ಕೊ. ಇಲ್ಲಾಂದ್ರೆ ಬೇರೆಯವನ್ನ ಕೂರಿಸ್ಬೇಕಾತದೆ."

ಅಪ್ಪನ ಬಲಗೈ ಹಿಂದೊಮ್ಮೆ ದೋಣಿಯಡಿ ಸಿಕ್ಕಿ ಸೋತಿತ್ತು, ಬಲೆ ಎಳೆಯಲು ಬರುತ್ತಿರಲಿಲ್ಲ. ಆ ಬಂಡೆ ತಪ್ಪಿದರೆ ದಂಡೆಯಲ್ಲಿ ಅವನಿಗೆ ಬೇರೆ ಜಾಗವಿಲ್ಲ. ಹಾಗಾಗಿ ಬನಿಯನ್ ಹುಡುಕುವುದು ನನಗೆ ತಮಾಷೆಯಾಗಿರಲಿಲ್ಲ.

ಒಂದರ ಮೇಲೊಂದು

ನಮ್ಮ ಅಂಗಡಿಯ ಸಾಹುಕಾರರು ನವಾಯತ ಮುಸಲ್ಮಾನರು, ಸಮಾಧಾನದ ಮನುಷ್ಯ. "ಅರೆ, ದಪ್ಪ ಹತ್ತಿದು ಎರಡು ತಕೊ. ಒಂದರ ಮೇಲೊಂದು ಹಾಕ್ಸು. ನಡುವೆ ಗಾಳಿ ನಿಲ್ತದೆ, ಅದೇ ಬೆಚ್ಚಗೆ" ಅಂದರು.

ಮಾತು ಸರಿಯಾದದ್ದೇ. ಆದರೆ ಇಬ್ಬನಿ, ಮೇಲಿಂದ ಅಲೆಯ ಹನಿ. ಹತ್ತಿ ಒಮ್ಮೆ ಒದ್ದೆಯಾದರೆ ಮಧ್ಯಾಹ್ನದವರೆಗೆ ಒಣಗದು. ಎರಡನೇ ದಿನ ಅಪ್ಪ ಮೇಲಿನದ್ದನ್ನು ಬಿಚ್ಚಿ ಬಂಡೆಯ ತುದಿಗೆ ಹರವಿದ. ಬಿಳಿ ಬನಿಯನ್ ಗಾಳಿಗೆ ಪಟಪಟ ಹಾರಿತು. ದೋಣಿಯವರು ಅದನ್ನು ನೋಡಿ ಹೊರಟೇ ಬಿಟ್ಟರು.

ಅಪ್ಪ ಬೇಡ ಬೇಡ ಎಂದು ಕೂಗಲು ಹೋದ, ಕೆಮ್ಮು ಬಂತು. ಕೆಮ್ಮುತ್ತ ಕೈ ಆಡಿಸಿದ್ದನ್ನು ನೋಡಿ ಅವರು ಇನ್ನೂ ಜೋರಾಗಿ ಹುಟ್ಟು ಹಾಕಿದರು. ನಲವತ್ತು ಮನೆಯವರು ಎರಡು ತಾಸು ಎಳೆದ ಬಲೆಯಲ್ಲಿ ಬಂದದ್ದು ತಿನ್ನಲು ಬಾರದ ಎರಡು ಬುಟ್ಟಿ ಲೋಳೆಮೀನು ಮತ್ತು ಎಡಗಾಲಿನ ಒಂದು ಚಪ್ಪಲಿ.

ಮನೆಗೆ ಬಂದಾಗ ಅಮ್ಮ, "ಸಾರಿಗೆ ಎಂತ ತಂದ್ರಿ?" ಎಂದು ಕೇಳಿದಳು. ಅಪ್ಪ ಒದ್ದೆ ಬನಿಯನ್ ಅವಳ ಮುಂದಿಟ್ಟ.

ಕಂಬಳಿ

ಹೊನ್ನಾವರದಲ್ಲಿ ಒಬ್ಬ ದರ್ಜಿ ಕಂಬಳಿ ತುಂಡಿನಿಂದ ತೋಳಿಲ್ಲದ ಒಳಂಗಿ ಹೊಲಿದುಕೊಟ್ಟ. "ಉಣ್ಣೆ ಒದ್ದೆಯಾದ್ರೂ ಬೆಚ್ಚಗಿರ್ತದೆ. ಆದ್ರೆ ಮೈಗೆ ತಾಗಿ ಮೊದಲು ತೆಳ್ಳನೆ ಹತ್ತಿ, ಅದರ ಮೇಲೆ ಇದು. ಹಿಂದು ಮುಂದು ಮಾಡ್ಬೇಡಿ" ಎಂದು ಎರಡು ಸಲ ಹೇಳಿದ. ನಾನು ಅಪ್ಪನಿಗೆ ಮೂರು ಸಲ ಹೇಳಿದೆ.

ಅಪ್ಪನಿಗೆ ಮರ್ಯಾದೆಯ ಪ್ರಶ್ನೆ. ಮೀನುಗಾರನ ಮೈಮೇಲೆ ಕುರಿ ಕಾಯುವವನ ಕಂಬಳಿ ಕಂಡರೆ ಜನ ಎಂತ ಹೇಳಿಯಾರು? ಕಂಬಳಿಯನ್ನು ಒಳಗೆ ಹಾಕಿ ಅದರ ಮೇಲೆ ಹತ್ತಿ ಬನಿಯನ್ ಏರಿಸಿದ. ಅರ್ಧ ತಾಸಿನಲ್ಲಿ ಕೆರೆತ ಶುರುವಾಯಿತು. ಅವನು ಬೆನ್ನು ಕೆರೆಯಲು ಕೈ ಎತ್ತಿದರೆ ದೋಣಿಯ ಹತ್ತಿರ ಕೂತ ಗಂಡಸರು ದಡಬಡ ಎದ್ದು ನಿಲ್ಲುವುದು, ಕೈ ಇಳಿಸಿದರೆ ಕೂರುವುದು. ಬೆಳಗಿನಿಂದ ಅವರಿಗೆಲ್ಲ ಬಸ್ಕಿ ಹೊಡೆಸಿದ ಹಾಗಾಯಿತು. "ನಿಮ್ಮಪ್ಪನ ತುರಿಕೆಗೆ ನಮ್ಮ ಸೊಂಟ ಹೋಯ್ತು ಮಾರಾಯ" ಎಂದು ತಾಂಡೇಲ ಅಂಗಡಿಗೇ ಬಂದು ಹೇಳಿದ.

ಬೆನ್ನು ಪೂರಾ ಕೆಂಪಾಗಿತ್ತು. ಅಮ್ಮ ಕೊಬ್ಬರಿ ಎಣ್ಣೆ ಹಚ್ಚುತ್ತ ಅತ್ತಳು. ನಾಳೆ ಸರಿಯಾಗಿ ಹಾಕಿಕೊ ಎಂದರೆ ಅಪ್ಪ, "ಅದನ್ನ ತಾಂಡೇಲಂಗೆ ಕೊಡು, ಅವನೂ ಸ್ವಲ್ಪ ಕುಣೀಲಿ" ಅಂದ.

ಪೇಪರು

ಕುಮಟಾದ ಡಾಕ್ಟರಿಗೆ ತೋರಿಸಿದೆವು. "ಎದೆ ಬೆಚ್ಚಗಿಡಿ, ಇಲ್ಲವಾದರೆ ಕೂರುವುದು ಬಿಡಿ" ಅಂದರು. ಬಿಡುವ ಹಾಗಿದ್ದರೆ ಅವರ ಹತ್ತಿರ ಎಂತಕ್ಕೆ ಹೋಗಬೇಕಿತ್ತು? ವಾಪಸು ಬರುವಾಗ ಬಸ್ಸಿನ ಡ್ರೈವರನೇ ಒಳ್ಳೆ ಮದ್ದು ಹೇಳಿದ. ಘಟ್ಟ ಹತ್ತುವಾಗ ಅವರೆಲ್ಲ ಅಂಗಿಯೊಳಗೆ ಪೇಪರು ಸುತ್ತಿಕೊಳ್ಳುತ್ತಾರಂತೆ, ಗಾಳಿ ಒಳಗೆ ಬಾರದಂತೆ.

ಮರುದಿನ ಅಪ್ಪನ ಮೈಗೆ ಪೇಪರು ಸುತ್ತಿ, ಮೇಲೆ ಹಳೆ ಅಂಗಿ ತೊಡಿಸಿದೆ. ಅಂಗಿ ಬೆನ್ನಿನ ಮೇಲೆ ಒಂದು ಗೇಣು ಹರಿದಿತ್ತು, ಎದೆಯ ಗುಂಡಿಗಳೂ ಹೋಗಿದ್ದವು. ದಂಡೆಯಲ್ಲಿ ಬೆಳಿಗ್ಗೆ ತಿರುಗಾಡುವ ರಿಟೈರ್ಡ್ ಮಾಸ್ತರರು ಬಂಡೆಯ ಹತ್ತಿರ ಬಂದವರು ಅಲ್ಲೇ ನಿಂತರು. ಕನ್ನಡಕ ಏರಿಸಿ, ಬಗ್ಗಿ, ಬೆನ್ನು ಓದಿದರು.

"ಇದರ ಮುಂದಿನ ಭಾಗ ಎಲ್ಲಿದೆ?"

"ಎದೆ ಮೇಲೆ ಇರೂಕು" ಅಂದ ಅಪ್ಪ, ಕಣ್ಣು ನೀರಿನ ಮೇಲೇ ಇಟ್ಟು.

"ಸ್ವಲ್ಪ ತಿರುಗ್ತೀಯಾ?"

"ನಾ ತಿರುಗೂಕಾಗ ಮಾಸ್ತರ್ರೆ. ಬೇಕಾದ್ರೆ ನೀವೇ ಸುತ್ತು ಹಾಕಿ ಬನ್ನಿ."

ಮಾಸ್ತರರು ಸುತ್ತು ಹಾಕಿಯೇ ಹೊರಟರು. ಅಪ್ಪನ ಮುಂದೆ ಇರುವುದು ಸಮುದ್ರ ಎಂಬುದು ಅವರಿಗೆ ಸೊಂಟದವರೆಗೆ ನೀರು ಬಂದಾಗಲೇ ಗೊತ್ತಾದದ್ದು. ಒದ್ದೆಯಾಗಿ ಮೇಲೆ ಹತ್ತಿ ಬಂದವರು, "ಕೊನೆ ಸಾಲು ಅಳಿಸಿ ಹೋಗಿದೆ ಮಾರಾಯ" ಎಂದು ಬೇಸರಪಟ್ಟರಂತೆ. ಅಳಿಸಿದ್ದು ಅಪ್ಪನ ಬೆವರಲ್ಲ, ಇಬ್ಬನಿ. ಪೇಪರು ನೆನೆದು ಮುದ್ದೆಯಾಗಿತ್ತು, ಕೆಮ್ಮು ಹಾಗೇ ಇತ್ತು. ಶಿವರಾತ್ರಿಗೆ ತಿಂಗಳೂ ಉಳಿದಿರಲಿಲ್ಲ.

ಮರಳುಗಾಡಿನ ಬನಿಯನ್

ಆಗ ದುಬೈಯಿಂದ ನಮ್ಮ ಸಾಹುಕಾರರ ತಮ್ಮನ ಮಗ ರಜೆಗೆ ಬಂದ. ನನ್ನ ಕಥೆ ಕೇಳಿ ಪೆಟ್ಟಿಗೆಯಿಂದ ಒಂದು ಬೂದು ಬಣ್ಣದ ಉದ್ದ ತೋಳಿನ ಬನಿಯನ್ ತೆಗೆದುಕೊಟ್ಟ. ಮುಟ್ಟಿದರೆ ಬೆಕ್ಕಿನ ಹೊಟ್ಟೆಯಷ್ಟು ಮೆತ್ತಗಿತ್ತು.

"ಮರಳುಗಾಡಲ್ಲಿ ಇದೆಲ್ಲ ಎಂತಕ್ಕೆ?" ಎಂದೆ.

"ಕೋಲ್ಡ್ ಸ್ಟೋರೇಜಲ್ಲಿ ನನ್ನ ಕೆಲಸ. ದಿನಾ ಮಂಜುಗಡ್ಡೆ ನಡುವೆ. ಮನೆಗೆ ಮಾತ್ರ ಬಿಸಿಲಲ್ಲಿ ಬೆವರು ಸುರಿಸ್ತೇನೆ ಅಂತ ಬರೀತೇನೆ. ಬೆವರು ಬಾರದ ಕೆಲಸ ಅಂದ್ರೆ ನಮ್ಮಪ್ಪ ನಂಬೂದಿಲ್ಲ."

ಅಪ್ಪ ಅದನ್ನು ಹಾಕಿಕೊಂಡು ಬಂಡೆ ಮೇಲೆ ಕೂತ. ತೇವ ಒಳಗೆ ಬರಲಿಲ್ಲ, ತುರಿಸಲಿಲ್ಲ, ಗಾಳಿ ಹೊಗಲಿಲ್ಲ. ಎಂಟು ದಿನದಲ್ಲಿ ಕೆಮ್ಮು ನಿಂತಿತು. ತಾಂಡೇಲ ಬಂದು, "ಆತು, ನೀನೇ ಕೂತ್ಕೊ" ಅಂದ. ಅಮ್ಮ ಆ ದಿನ ಪಾಯಸ ಮಾಡಿದಳು. ನಾನು ಅಂಗಡಿಯಲ್ಲಿ ದೊಡ್ಡ ವೈದ್ಯನ ಗತ್ತಿನಲ್ಲಿ ಓಡಾಡಿದೆ.

ಹತ್ತನೇ ದಿನ ಆ ವರ್ಷದ ಅತಿ ದೊಡ್ಡ ಬಂಗಡೆ ಹಿಂಡು ನಮ್ಮ ಬಂಡೆಯ ಮುಂದೆಯೇ ಹಾದು ಹೋಯಿತು. ಹಕ್ಕಿಗಳು ಅಪ್ಪನ ತಲೆ ಮೇಲೇ ಕೂಗಾಡಿದುವಂತೆ. ಅಪ್ಪ ಎದ್ದು ಪಂಚೆ ಬೀಸಲಿಲ್ಲ. ಹಿಂಡು ಪಕ್ಕದ ದಂಡೆಯವರ ಬಲೆಗೆ ಬಿತ್ತು. ತಾಂಡೇಲ ಓಡಿ ಬಂಡೆ ಹತ್ತಿ ನೋಡಿದರೆ, ಅಪ್ಪ ಕೂತಲ್ಲೇ ಸಣ್ಣಗೆ ಗೊರಕೆ ಹೊಡೆಯುತ್ತಿದ್ದ.

ಇಷ್ಟು ವರ್ಷ ಅವನನ್ನು ಎಚ್ಚರವಾಗಿಟ್ಟದ್ದು ಆ ಚಳಿಯೇ. ನಾನು ಅದನ್ನೇ ಕಿತ್ತು ಹಾಕಿದ್ದೆ.

ಅಪ್ಪ ಸುಳ್ಳು ಹೇಳಲಿಲ್ಲ. ನಲವತ್ತು ಮನೆಯವರ ಮುಂದೆ ನಿಂತು, "ಬೆಚ್ಚಗಾತು, ನಿದ್ದೆ ಬಂತು" ಅಂದ. ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ತಾಂಡೇಲ ಮರುದಿನದಿಂದ ಬೇರೆಯವನನ್ನು ಕೂರಿಸಿದ. ಅಪ್ಪ ಬನಿಯನ್ ಒಗೆದು, ಮಡಚಿ, "ಒಳ್ಳೇದಿತ್ತು ಅಂತ ಹೇಳು" ಎಂದು ನನ್ನ ಕೈಯಲ್ಲೇ ವಾಪಸು ಕಳಿಸಿದ.

ಸಾಲದ ಬನಿಯನ್

ವಾರ ಕಳೆದು ಅಪ್ಪ ಅಂಗಡಿಗೆ ಬಂದ. ಜೊತೆಗೆ ಬಂಡೆಯ ಹೊಸಬ, ನನ್ನ ವಾರಿಗೆಯವನು. ಅವನಿಗೂ ಚಳಿ ತಡೆಯದಂತೆ. ನನಗೆ ಅವನ ಮುಖ ನೋಡಲು ಮನಸ್ಸಿರಲಿಲ್ಲ. ಇದ್ದುದರಲ್ಲೇ ದಪ್ಪನೆಯ ಬನಿಯನ್ ಎಳೆದು ಅವನ ಮುಂದೆ ಹಾಕಿದೆ. ಅವನಿಗೂ ನಿದ್ದೆ ಹತ್ತಲಿ ಎಂದು ನನ್ನ ಮನಸ್ಸಿನಲ್ಲಿತ್ತು, ಈಗ ಹೇಳಲು ನಾಚಿಕೆಯಾಗುತ್ತದೆ.

ಅಪ್ಪ ಅದನ್ನು ಬೆರಳಲ್ಲಿ ಉಜ್ಜಿ ನೋಡಿ ನನ್ನ ಕಡೆಗೇ ತಳ್ಳಿದ. "ಇದು ಬೇಡ." ಇನ್ನೊಂದು ತೋರಿಸಿದೆ. "ಇದೂ ಬೆಚ್ಚಗಾತದೆ." ಹಾಗೆ ಏಳೆಂಟು ತಳ್ಳಿ, ಕೊನೆಗೆ ಬೇಸಿಗೆಗೆಂದು ಇಟ್ಟ, ಈಚೆಯಿಂದ ಆಚೆ ಕಾಣುವ ಒಂದನ್ನು ಆರಿಸಿದ.

"ಕಾಕಾ, ಇದು ಚಳಿಗೆ ಸಾಲೂದಿಲ್ಲ" ಅಂದರು ಸಾಹುಕಾರರು.

"ಸಾಲೂದು ಬೇಡ" ಎಂದ ಅಪ್ಪ, ಹೊಸಬನ ಕಡೆ ತಿರುಗಿದ. "ಎದೆಗೆ ಮಾತ್ರ ಒಂದು ಬಟ್ಟೆ ಕಟ್ಕೊ. ಬೆನ್ನು ಬಿಡು. ಬೆನ್ನಿಗೆ ಗಾಳಿ ತಾಗ್ತಾ ಇರ್ಲಿ. ನೀ ಎಚ್ಚರ ಇದ್ರೇ ನಲವತ್ತು ಮನೆ ಒಲೆ ಉರಿಯೂದು."

ಸಾಹುಕಾರರು ಹೊಟ್ಟೆ ಹಿಡಿದು ನಕ್ಕರು. "ಬಟ್ಟೆ ಅಂಗಡಿಗೆ ಬಂದು ಚಳಿ ಆರಿಸಿದ ಗಿರಾಕಿ ನೀ ಒಬ್ನೇ ಕಾಕಾ. ಅವನಿಗೆ ಆತು, ಈಗ ನಿನಗೆ ಎಂತ ಕೊಡ್ಲಿ?"

"ನಂಗೆ ಎಂತಕ್ಕೆ ಸಾಹುಕಾರ್ರೆ? ನಾ ಈಗ ಮನೆ ಒಳಗೇ ಕೂರೂದಲ್ದ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ಅಪ್ಪ ನಕ್ಕ, ಒಂದು ಸಲವೂ ಕೆಮ್ಮದೆ.