ಭಾವನ ವಿಮಾನದ ಗೊರಗೊರ

ನಮ್ಮ ಭಾವನ ಹತ್ತಿರ ಸ್ವಂತ ವಿಮಾನ ಇದೆ. ಹೀಗೆಂದರೆ ಬ್ರಹ್ಮಾವರದಲ್ಲಿ ನನ್ನ ಜೊತೆ ಕೆಲಸ ಮಾಡುವ ಟೀಚರುಗಳು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಜಿಪ್ ಹೋದ ವ್ಯಾನಿಟಿ ಬ್ಯಾಗು ನೋಡುತ್ತಾರೆ. ಸುಳ್ಳಲ್ಲ ಮಾರಾಯ್ರೆ, ಇದೆ. ಆ ವಿಮಾನ ಇದುವರೆಗೆ ಏರಿದ ಅತಿ ಹೆಚ್ಚಿನ ಎತ್ತರ ಎರಡಡಿ ಅಷ್ಟೆ. ಅದೂ ಜಾಕಿನ ಮೇಲೆ, ಚಕ್ರ ಬದಲಾಯಿಸುವಾಗ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕೊಲ್ಲಿ ದೇಶದ ವಿಮಾನ ನಿಲ್ದಾಣವೊಂದರಲ್ಲಿ ಹದಿನೆಂಟು ವರ್ಷ ಇದ್ದು ಬಂದವರು. ಯಾರಾದರೂ ಕೇಳಿದರೆ ಗಂಭೀರವಾಗಿ "ಏವಿಯೇಷನ್‌ನಲ್ಲಿದ್ದೆ" ಎನ್ನುತ್ತಾರೆ. ಇದ್ದದ್ದು ಹೌದು, ಪ್ರಯಾಣಿಕರ ಸೂಟ್‌ಕೇಸ್ ಎಳೆಯುವ ಗಾಡಿಗಳ ರಿಪೇರಿಯಲ್ಲಿ! ಊರಿಗೆ ಬಂದವರು ಒಂದು ಬೇಕರಿಯೋ ಲಾಡ್ಜೋ ಹಾಕಿಯಾರು ಅಂತ ನಾವು ಕಾದೆವು. ಇವರು ಗುಲ್ವಾಡಿಯಲ್ಲಿ ಮುಚ್ಚಿದ ಹಂಚಿನ ಕಾರ್ಖಾನೆಯ ಶೆಡ್ಡು ಹಿಡಿದರು, ವಿದೇಶದಿಂದ ಬಿಡಿಭಾಗಗಳ ಪೆಟ್ಟಿಗೆ ತರಿಸಿದರು, ಎರಡು ಸೀಟಿನ ವಿಮಾನ ಜೋಡಿಸಲು ಕೂತರು. ನಡುವೆ ಮೈಸೂರು ಕಡೆ ಹೋಗಿ ಹಾರಿಸುವುದನ್ನೂ ಕಲಿತು ಬಂದರು. ಏಳು ವರ್ಷ ಹೋಯಿತು. ಬಾಲ ಬಂತು, ರೆಕ್ಕೆ ಬಂತು, ಎಂಜಿನ್ ಬಂತು, ಕಾಗದಪತ್ರವೂ ಬಂತು. ಮೀನು ಮಾರುವ ಹೆಂಗಸರು ಶೆಡ್ಡಿನ ಬಾಗಿಲಲ್ಲಿ ಬುಟ್ಟಿ ಇಳಿಸಿ, "ಹ್ವಾಯ್, ಇದ್ ಯಾವಾಗ ಹಾರೂದ್?" ಎಂದು ಕೇಳುತ್ತಿದ್ದರು. "ಬಪ್ಪ ತಿಂಗಳ್" ಎಂದು ಭಾವ ಹೇಳುತ್ತಿದ್ದರು. ಎರಡು ವರ್ಷದಿಂದ ಅದೇ ಬರುವ ತಿಂಗಳು ನಡೆಯುತ್ತಿದೆ.

ತಡೆದು ನಿಲ್ಲಿಸಿದ್ದು ಗಾಳಿಯಲ್ಲ, ಸರಕಾರವೂ ಅಲ್ಲ, ನನ್ನ ಅಕ್ಕ. ನಮ್ಮದು ಗಂಗೊಳ್ಳಿಯ ಮೀನುಗಾರರ ಮನೆ. ಅಪ್ಪ ಬೋಟಿನಲ್ಲಿ ಹೋದರೆ ಬಂದರಿನ ವಯರ್‌ಲೆಸ್ಸಿನಲ್ಲಿ ಅವರ ಸ್ವರ ಕೇಳುವ ತನಕ ಅಮ್ಮ ಅನ್ನಕ್ಕೆ ಕೈ ಹಾಕುತ್ತಿರಲಿಲ್ಲ. ಒಂದು ಸಲ ಬೋಟಿನ ಸೆಟ್ಟು ಕೆಟ್ಟು ಎರಡು ದಿನ ಬರೀ ಗೊರಗೊರ. ಮೂರನೆಯ ದಿನ ಅಪ್ಪ ಹಲ್ಲು ಕಿರಿಯುತ್ತ ಬಂದಿಳಿದರು, ಅದು ಬೇರೆ. ಆ ಎರಡು ದಿನ ಅಮ್ಮನ ಪಕ್ಕ ಕೂತಿದ್ದ ಅಕ್ಕನ ಹೊಟ್ಟೆಯೊಳಗೆ ಆ ಸದ್ದು ಹೊಕ್ಕು ಕೂತಿತು. ಹಾಗಾಗಿ ಅವಳ ಷರತ್ತು ಒಂದೇ. "ಹಾರಿ, ನಾನ್ ಬೇಡ ಅಂಬುದಿಲ್ಲೆ. ಆದ್ರೆ ಮೇಲಿಂದ ನಿಮ್ ಸ್ವರ ನಂಗೆ ಸಮಾ ಕೇಣ್ಕ್. ಕೇಣದಿದ್ರೆ ಹಾರೂಕಿಲ್ಲೆ."

ಸ್ವರ ಕೇಳಬೇಕು ಅಷ್ಟೆ ತಾನೆ, ಇದೇನು ಮಹಾ ಅಂತ ಭಾವ ಒಪ್ಪಿದರು. ಅಕ್ಕನಿಗೆ ಒಂದು ಕೈ ರೇಡಿಯೊ ಕೊಟ್ಟು ಅರ್ಧ ಮೈಲಿ ಆಚೆ ಮನೆಯ ಜಗಲಿಯಲ್ಲಿ ಕೂರಿಸಿದರು. ತಾವು ವಿಮಾನ ಹತ್ತಿ, ಎಲ್ಲ ಉಪಕರಣ ಚಾಲೂ ಮಾಡಿ, ಮೈಕು ಹಿಡಿದು, ಇಂಗ್ಲಿಷಿನಲ್ಲಿ ಅಕ್ಷರ, ಅಂಕಿ ಎಲ್ಲ ಸೇರಿಸಿ ಒಂದು ಉದ್ದದ ಸಂದೇಶ ಕಳಿಸಿದರು. ಅಕ್ಕನ ಉತ್ತರವೂ ಬಂತು.

"ಎಂತದೂ ಕೇಂತಿಲ್ಲೆ. ಅಲ್ಲಿ ಬಂಗುಡೆ ಮೀನ್ ಹುರೀತಿದ್ರ್ಯಾ?"

ಅಲ್ಲಿಂದ ಶುರುವಾಯಿತು ನೋಡಿ. ಈಗಿನ ವಿಮಾನಗಳಲ್ಲಿ ಮುಳ್ಳಿನ ಗಡಿಯಾರಗಳಿಲ್ಲವಂತೆ, ಎಲ್ಲ ಟಿವಿ ಪರದೆ. ಒಂದೊಂದು ಪರದೆಯೂ ಒಂದೊಂದು ತಂತಿಯೂ ತನ್ನಷ್ಟಕ್ಕೆ ಗೊಣಗುತ್ತದೆ, ರೇಡಿಯೊ ಆ ಗೊಣಗಾಟವನ್ನೆಲ್ಲ ಹಿಡಿದು ಇಲ್ಲೂ ಕೇಳಿಸುತ್ತದೆ, ಮಾತಿನ ಜೊತೆ ಆಚೆಗೂ ಕಳಿಸುತ್ತದೆ ಎಂದು ಭಾವ ವಿವರಿಸಿದರು. ನಮ್ಮ ಸ್ಟಾಫ್ ರೂಮಿನ ಹಾಗೆಯೇ ಎಂದು ನನಗೆ ತಕ್ಷಣ ಅರ್ಥವಾಯಿತು. ಅವರು ಇನ್ನೂರು ಪುಟದ ನೋಟುಬುಕ್ಕು ತಂದು ಕಳ್ಳನನ್ನು ಹುಡುಕಲು ಕೂತರು. ಎಂಜಿನ್ ಪರದೆ ಆರಿಸಿದರು, ಗೊರಗೊರ. ದಾರಿ ತೋರಿಸುವ ಪರದೆ ಆರಿಸಿದರು, ಗೊರಗೊರ. ರೆಕ್ಕೆಯ ತುದಿಯ ದೀಪ, ಮೊಬೈಲು ಚಾರ್ಜರು, ಪೆಟ್ರೋಲು ಪಂಪು, ಎಲ್ಲ ಆರಿಸಿದರು. ಗೊರಗೊರ, ಗೊರಗೊರ. ಕೊನೆಗೆ ತಮ್ಮ ಕೈಗಡಿಯಾರವನ್ನೂ ಬಿಚ್ಚಿ ದೂರ ಇಟ್ಟರು. ಕೀಲಿ ಕೊಡುವ ಗಡಿಯಾರ ಅದು!

ಆಮೇಲೆ ಅಕ್ಕನ ಅಡುಗೆಮನೆಯ ಮೇಲೆ ದಾಳಿ ನಡೆಯಿತು. ಚಪಾತಿ ಸುತ್ತುವ ಬೆಳ್ಳಿ ಕಾಗದವೆಲ್ಲ ತಂತಿಗಳ ಮೈಮೇಲೆ ಹೋಯಿತು. ಸ್ಟೀಲಿನ ತಿಂಡಿ ಡಬ್ಬಿಗೆ ತೂತು ಕೊರೆದು ಅದರೊಳಗೆ ಎಂಜಿನ್ ಪರದೆಯ ಹೊಟ್ಟೆಯನ್ನು ಕೂರಿಸಿದರು. ಆಂಟೆನಾವನ್ನು ಬೆನ್ನಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ಬಾಲಕ್ಕೆ ಸಾಗಿಸಿದರು. ತಂತಿಗಳಿಗೆಲ್ಲ ಕಪ್ಪು ಕಬ್ಬಿಣದ ಉಂಗುರ ತೊಡಿಸಿದರು. ನಮ್ಮಕ್ಕನಿಗೆ ಮದುವೆಯಲ್ಲಿ ಅಷ್ಟು ಉಂಗುರ ಹಾಕಿರಲಿಲ್ಲ ಇವರು.

ಹೊರಗಿನವರನ್ನೂ ಬಿಟ್ಟವರಲ್ಲ. ಪಕ್ಕದ ಮನೆಯ ಮಿಕ್ಸಿಯಿಂದ ತೊಂದರೆ ಇರಬಹುದು ಅಂತ ಹೋಗಿ, ಹನ್ನೊಂದರಿಂದ ಹನ್ನೆರಡರವರೆಗೆ ಅರೆಯಬಾರದು ಎಂದು ವಿನಂತಿಸಿಕೊಂಡರು. ಆ ಮನೆಯ ಯಜಮಾನ್ತಿ ಕೈಯಲ್ಲಿ ತೆಂಗಿನಕಾಯಿ ಹಿಡಿದೇ ಕೇಳಿದಳು, "ಹಾರೂದ್ ನೀವ್, ಚಟ್ನಿ ಬಿಡೂದ್ ನಾವಾ?"

ಕೊನೆಗೆ ಸಾಲಿಗ್ರಾಮದಿಂದ ಒಬ್ಬ ತಜ್ಞರನ್ನು ಕರೆತಂದರು. ಯಕ್ಷಗಾನಕ್ಕೆ ಮೈಕು ಕಟ್ಟುವವರು, ಗೊರಗೊರದ ಜೊತೆಯಲ್ಲೇ ಮೂವತ್ತು ವರ್ಷ ಬಾಳಿದವರು. ಅವರು ವಿಮಾನಕ್ಕೆ ಒಂದು ಸುತ್ತು ಬಂದು, ಚಹಾ ಕುಡಿದು, "ಅರ್ತಿಂಗ್ ಸಮ ಇಲ್ಲೆ" ಎಂದು ತೀರ್ಪು ಕೊಟ್ಟರು. ನೆಲದಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಕಬ್ಬಿಣದ ಸರಳು ಹುಗಿದು, ಅಲ್ಲಿಂದ ವಿಮಾನಕ್ಕೆ ತಂತಿ ಎಳೆದರು. ಗೊರಗೊರ ನಾಲ್ಕಾಣೆ ಕಡಿಮೆಯಾಯಿತು. ಭಾವನಿಗೆ ಎಲ್ಲಿಲ್ಲದ ಖುಷಿ. ನಾನು ಕೇಳಿದೆ, "ಅಲ್ಲ ಭಾವ, ಹಾರುವಾಗ ಗುಲ್ವಾಡಿಯನ್ನೂ ಜೊತೆಗೆ ಕಟ್ಟಿಕೊಂಡು ಹೋಗ್ತೀರಾ?" ಅವರು ಒಂದು ವಾರ ನನ್ನ ಜೊತೆ ಮಾತು ಬಿಟ್ಟರು.

ಹೀಗೆ ಗೇಲಿ ಮಾಡುವುದು ನನಗೆ ಚಟವಾಗಿಹೋಗಿತ್ತು. ಸ್ಟಾಫ್ ರೂಮಿನಲ್ಲಿ ಇವರ ಕತೆ ಹೇಳಿಯೇ ನಾನು ಜನಪ್ರಿಯಳಾದದ್ದು ಎಂಬ ಸತ್ಯವನ್ನೂ ಹೇಳಿಬಿಡುತ್ತೇನೆ.

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಭಾವನಿಗೆ ಬುತ್ತಿ ಕೊಡಲು ಶೆಡ್ಡಿಗೆ ಹೋದೆ. ಅವರು ವಿಮಾನದ ಮುಂಭಾಗದ ಕೆಳಗೆ ಮಲಗಿದ್ದರು, ಕಾಲು ಮಾತ್ರ ಕಾಣುತ್ತಿತ್ತು. "ಹತ್ತಿ ಕೂಕೋ ಮಾರಾಯ್ತಿ. ಮೈಕಿನ ಗುಂಡಿ ಒತ್ತಿ ಒಂದ್ ಎರಡ್ ಮೂರ್ ಅನ್. ಅಕ್ಕ ಮನೇಲಿ ಕೇಣ್ತಾ ಕೂತಿದ್ಲ್" ಎಂದರು. ಹತ್ತಿದೆ. ರೇಡಿಯೊ ಗೊರಗೊರ ಎನ್ನುತ್ತಲೇ ಇತ್ತು. ಎದುರಿಗೆ ಪರದೆಗಳ ನಡುವೆ ಹೆಬ್ಬೆರಳಿನಷ್ಟು ದೊಡ್ಡ ಗಣಪತಿ, ಹಿಂದೆ ಬಣ್ಣ ಬದಲಾಯಿಸುವ ಪ್ರಭಾವಳಿಯ ದೀಪ. ವಿಮಾನಕ್ಕೆ ಬ್ಯಾಟರಿ ಕೂರಿಸಿದ ದಿನ ಅಕ್ಕ ಕುಂಭಾಶಿಯ ಆನೆಗುಡ್ಡೆ ದೇವಸ್ಥಾನಕ್ಕೆ ಹೋಗಿ, ಅಲ್ಲಿಂದ ಬರುವಾಗ ತಂದು ಅಂಟಿಸಿದ್ದು. ಭಾವ ಮೊದಲ ಸಲ ಹಾರಿ ಇಳಿಯುವ ತನಕ ಆ ದೀಪ ಆರಬಾರದು ಅಂತ ಅವಳ ಹರಕೆ. ಅದಕ್ಕೆ ಸ್ವಿಚ್ಚೇ ಇಲ್ಲ, ಬ್ಯಾಟರಿಗೆ ನೇರ ತಂತಿ.

ನಾನು ಕೈ ಚಾಚಿ ಮೈಕು ತೆಗೆಯುವಾಗ ಬಳೆ ಆ ತಂತಿಗೆ ಸಿಕ್ಕಿಕೊಂಡಿತು. ಎಳೆದೆ. ತಂತಿ ಕಿತ್ತು ಬಂತು, ದೀಪ ಆರಿತು. ಅದರ ಜೊತೆಗೇ ಗೊರಗೊರವೂ ನಿಂತಿತು. ಎಷ್ಟು ಶುದ್ಧವಾಗಿ ನಿಂತಿತೆಂದರೆ ಶೆಡ್ಡಿನ ಮಾಡಿನ ಮೇಲೆ ಕಾಗೆ ನಡೆಯುವುದು ಕೇಳಿಸಿತು.

ನನಗೆ ತಡೆಯಲಾಗಲಿಲ್ಲ. ಗುಂಡಿ ಒತ್ತಿ ಹಿಡಿದು, "ಅಕ್ಕಾ, ಕಳ್ಳ ಸಿಕ್ಕಿದ" ಎನ್ನುವಷ್ಟರಲ್ಲಿ ಭಾವ ಧಡಕ್ಕನೆ ಎದ್ದು ಬಂದರು. ರೇಡಿಯೊ ಕಡೆ ನೋಡಲೇ ಇಲ್ಲ, ನೋಡಿದ್ದು ಗಣಪತಿಯನ್ನು.

"ಬೇಗ ತಂತಿ ಸಿಕ್ಸ್. ಅವ್ಳಿಗ್ ಹೇಳ್ಬೇಡ."

"ಭಾವ, ಸದ್ದು ಮಾಡ್ತಿದ್ದದ್ದೇ ಈ ದೀಪ!"

"ಗೊತ್ತಿತ್ತ್."

"ಗೊತ್ತಿತ್ತಾ? ಯಾವಾಗಿಂದ?"

"ಹನ್ನೊಂದ್ ತಿಂಗಳಾಯ್ತ್. ಕಿಸೆ ರೇಡಿಯೊ ಹಿಡ್ಕಂಡ್ ಒಂದೊಂದೇ ಜಾಗ ಮೂಸ್ತಾ ಬಂದೆ. ಗಣಪತಿ ಹತ್ರ ಬಪ್ಪ ಹೊತ್ತಿಗೆ ಕಿರುಚ್ತ್."

"ಹಾಗಾದರೆ ಆ ಬೆಳ್ಳಿ ಕಾಗದ, ಆ ಗುಂಡಿ, ಆ ಉಂಗುರ?"

"ದೀಪ ಆರಿಸ್ದೆ ಸದ್ದ್ ಒಂದೇ ಅಡಗಿಸೂಕಾತ್ತಾ ಅಂತ ನೋಡ್ತಿದ್ದೆ." ಭಾವ ಕೈಯ ಗ್ರೀಸನ್ನು ಬನಿಯನ್ನಿಗೆ ಒರೆಸಿಕೊಂಡರು. "ಸ್ವರ ಕೇಣದಿದ್ರೆ ನಂಗ್ ಹಾರೂಕಿಲ್ಲೆ, ಅಷ್ಟೇ ಅಲ್ದಾ. ಹಾರದೆ ಇದ್ರೆ ನಾನೇನ್ ಸಾಯ್ತಿಲ್ಲೆ. ಆ ದೀಪ ಆರೀತಂತ ಗೊತ್ತಾದ್ರೆ ಅವ್ಳ್ ನಾನ್ ಇಳಿವ ತನಕ ಉಸಿರ್ ಬಿಡೂದಿಲ್ಲೆ. ನೀ ಕಂಡಿದ್ದೆಯಲ್ಲ ಅವ್ಳ್ ಹೆದ್ರೂದ್."

ಅಕ್ಕನ ಮದುವೆಯಾದಂದಿನಿಂದ ನಾನು ಗೇಲಿ ಮಾಡುತ್ತ ಬಂದ ಮನುಷ್ಯ ಇವರು. ನನಗೆ ನಾಚಿಕೆಯಾಯಿತು. ಮೈಕು ಹಿಡಿದ ಕೈ ಕೆಳಗಿಳಿಸಿದೆ. ಆಗ ನೋಡುತ್ತೇನೆ, ನನ್ನ ಹೆಬ್ಬೆರಳು ಇನ್ನೂ ಮೈಕಿನ ಗುಂಡಿಯ ಮೇಲೇ ಇತ್ತು. ಅಷ್ಟು ಹೊತ್ತೂ ಒತ್ತಿಯೇ ಹಿಡಿದಿದ್ದೆ. ಬೆರಳು ತೆಗೆದೆ.

ಆಮೇಲೆ ರೇಡಿಯೊದಲ್ಲಿ ಅಕ್ಕನ ಸ್ವರ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಬಂತು.

"ಆ ತಂತಿ ಸಿಕ್ಸುದ್ ಬೇಡ. ದೇವ್ರಿಗೆ ಕತ್ತಲೆಯಲ್ಲೂ ಕಾಣತ್ತ್. ನಂಗೆ ನಿಮ್ ಸ್ವರ ಕೇಣ್ಕ್."

ನಾನು ಮೈಕು ಭಾವನ ಕೈಗೆ ಕೊಟ್ಟೆ. ಎರಡು ವರ್ಷದಿಂದ ಕನ್ನಡಿಯ ಮುಂದೆ ನಿಂತು ಇಂಗ್ಲಿಷಿನಲ್ಲಿ ಅಭ್ಯಾಸ ಮಾಡಿದ ಸಂದೇಶ ಅವರಿಗೆ ಬಾಯಿಪಾಠ ಬರುತ್ತಿತ್ತು. ಅವರು ಗುಂಡಿ ಒತ್ತಿದರು, ಕೆಮ್ಮಿದರು, ನನ್ನ ಕಡೆ ಬೆನ್ನು ತಿರುಗಿಸಿದರು.

"ಊಟ ಆಯ್ತಾ?" ಎಂದು ಕೇಳಿದರು.