ಹುಣಸೆಹಣ್ಣಿನಲ್ಲಿ ಬೆಳಗಿದ ಕಾಡತೂಸು

ಕೊಡವರ ಮನೆಗೆ ಅಳಿಯನಾದ ಮೈಸೂರಿನವನ ಪಾಡು ಶತ್ರುವಿಗೂ ಬೇಡ. ನನ್ನ ಮಾವ ನಿವೃತ್ತ ಸುಬೇದಾರರು. ಅವರಲ್ಲಿ ಹಬ್ಬದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪದ್ಧತಿ. ಮದುವೆಯಾದ ವರ್ಷ ನಾನು ಹೊಡೆದ ಗುಂಡು ಎಲ್ಲಿಗೆ ಹೋಯಿತೆಂದು ಇಂದಿಗೂ ಪತ್ತೆಯಾಗಿಲ್ಲ. ಮಾವ ಒಳಗಿನಿಂದ ಇನ್ನೊಂದು ತೆಂಗಿನಕಾಯಿ ತಂದು ಕೈಗಿಟ್ಟು, ತುರಿದು ಕೊಡಿ ಅಂದರು, ಅಷ್ಟೇ.

ಆ ಮಾವ ಈಗ ಐರ್ಲೆಂಡಿನ ಡನ್ ಲಿಯರಿ ಊರಿನ ನಮ್ಮ ಫ್ಲ್ಯಾಟಿಗೆ ಬರುವವರಿದ್ದರು. ಹೋದ ಮಾನವನ್ನು ವಾಪಸ್ ತರಲೆಂದೇ ನಾನು ಇಲ್ಲಿ ರೈಫಲ್ ಕ್ಲಬ್ಬು ಸೇರಿದ್ದೆ. ಕ್ಲಬ್ಬಿನ ಹಿರಿಯ ಬ್ರೆಂಡನ್, ಹಾರಿಸಿದ ಕಾಡತೂಸನ್ನು ಮತ್ತೆ ತುಂಬುವ ವಿದ್ಯೆ ಕಲಿಸುತ್ತಿದ್ದರು. ಮನೆಯಲ್ಲಿ ಮದ್ದು ಮುಟ್ಟುವಂತಿಲ್ಲ, ಕಾನೂನು ಬಿಡುವುದಿಲ್ಲ. ಖಾಲಿ ಹಿತ್ತಾಳೆ ಕೊಳವೆಯ ಬಾಯಿಗೆ ಗುಂಡನ್ನು ಬಿಗಿಯಾಗಿ ಕೂರಿಸುವ ಅಭ್ಯಾಸಕ್ಕೆ ಮಾತ್ರ ಅನುಮತಿ. ಅದಕ್ಕೆ ಬೇಕಾದ ಒತ್ತುವ ಯಂತ್ರವನ್ನೂ ಅವರೇ ಕೊಟ್ಟರು. ಶನಿವಾರ ಮಾವನನ್ನು ಕ್ಲಬ್ಬಿಗೆ ಕರೆದೊಯ್ದು, ಅವರ ಕಣ್ಣೆದುರೇ ಬ್ರೆಂಡನ್ ಬಾಯಿಂದ ಭೇಷ್ ಅನ್ನಿಸಿಕೊಳ್ಳುವುದು ನನ್ನ ಯೋಜನೆ. ಚಕ್ಕುಲಿ ಒತ್ತಿದ ಕೈಗೆ ಇದೇನು ಮಹಾ!

ಕೊಳವೆಗಳು ಮಸಿ ಹಿಡಿದಿದ್ದವು. ಚೆನ್ನಾಗಿ ತೊಳೆಯಬೇಕು ಎಂದಿದ್ದರು ಬ್ರೆಂಡನ್. ಹಿತ್ತಾಳೆ ತೊಳೆಯುವುದನ್ನು ನಮಗೆ ಹೇಳಿಕೊಡಬೇಕೆ? ಹುಣಸೆಹಣ್ಣು, ಉಪ್ಪು ಹಾಕಿ ನಂದಾದೀಪ ಬೆಳಗುವಂತೆ ಬೆಳಗಿದೆ. ಐರ್ಲೆಂಡಿನ ಬಿಸಿಲನ್ನು ನಂಬಿದರೆ ಅವು ಒಣಗುವುದು ಮುಂದಿನ ಯುಗಾದಿಗೆ. ಹಾಗಾಗಿ ಒಂದೊಂದನ್ನೇ ಇಕ್ಕಳದಲ್ಲಿ ಹಿಡಿದು, ಹಪ್ಪಳ ಸುಟ್ಟಂತೆ ಗ್ಯಾಸಿನ ಉರಿಯ ಮೇಲೆ ತಿರುಗಿಸಿದೆ. ಬಾಯಿಯ ಕಡೆ ಕೆಂಪಗಾದವು. ನೀರಿನ ಪಸೆ ಪೂರ್ತಿ ಹೋಯಿತೆಂದು ಸಂತೋಷಪಟ್ಟೆ. ಹೆಂಡತಿ ದೇಚು ಇಣುಕಿ ನೋಡಿ, ಜೊತೆಗೆ ಸಾರೂ ಮಾಡಬೇಕಾ ಎಂದು ಕೇಳಿ ಹೋದಳು.

ಗುಂಡು ಇಟ್ಟೆ. ಒತ್ತಿದೆ. ಕೂತಿತು. ಎತ್ತಿದೆ. ಗುಂಡು ಕೊಳವೆಯ ಒಳಕ್ಕೇ ಬಿತ್ತು!

ಇಲ್ಲಿಂದ ನನ್ನೊಳಗಿನ ಸಾಫ್ಟ್‌ವೇರ್ ಎಂಜಿನಿಯರ್ ಎಚ್ಚರಗೊಂಡ. ಗುಂಡಿನ ದಪ್ಪ ಅಳೆದೆ, ಸರಿಯಾಗಿತ್ತು. ದೋಷ ಯಂತ್ರದ್ದೇ ಎಂದು ನಿರ್ಧರಿಸಿ ಬಿಚ್ಚಿ ಜೋಡಿಸಿದೆ. ಎರಡು ತಿರುಪು ಮಿಕ್ಕವು. ಇಂಟರ್ನೆಟ್ಟಿನಲ್ಲಿ ಕೇಳಿದರೆ ಅಲ್ಲಿನ ಪಂಡಿತರು ನನ್ನನ್ನು ಬಿಟ್ಟು ತಮ್ಮತಮ್ಮಲ್ಲೇ ಬೈದಾಡತೊಡಗಿದರು. ಅಷ್ಟರಲ್ಲಿ ಶುಕ್ರವಾರ ಸಂಜೆಯಾಗಿತ್ತು, ಮಾವ ಬಂದಿಳಿದಿದ್ದರು. ಕೊನೆಗೆ ನಮ್ಮ ದೇಶದ ಪುರಾತನ ಜ್ಞಾನಕ್ಕೇ ಮೊರೆಹೋದೆ: ನಲ್ಲಿ ಸೋರದಂತೆ ಸುತ್ತುವ ಬಿಳಿ ಟೇಪು. ಗುಂಡಿಗೆ ಸುತ್ತಿ ಒತ್ತಿದರೆ ಎಷ್ಟು ಚೆಂದ ಕೂತಿತು!

ಶನಿವಾರ ಕ್ಲಬ್ಬಿನ ಮೇಜಿನ ಮೇಲೆ ನನ್ನ ಕಾಡತೂಸುಗಳು ದೇವರಮನೆಯ ಸಾಮಾನಿನಂತೆ ಥಳಥಳಿಸಿದವು. ಮಾವ ಒಂದನ್ನು ಎತ್ತಿ, ಎರಡು ಬೆರಳಲ್ಲಿ ಗುಂಡನ್ನು ಮೆಲ್ಲಗೆ ಎಳೆದರು. ಬಂತು. ಹಿಂದೆಯೇ ಬಿಳಿ ಟೇಪೂ ಉದ್ದಕ್ಕೆ ಬಿಚ್ಚಿಕೊಂಡು ಬಂತು.

"ಅಳಿಯಂದಿರೇ, ಇದು ಶತ್ರುಗೆ ಹೊಡೆಯೋಕೋ, ಶತ್ರು ಮನೆ ನಲ್ಲಿ ರಿಪೇರಿಗೋ?" ಅಂದರು.

ಒಣಗಿಸಿದ್ದು ಹೇಗೆಂದು ಬ್ರೆಂಡನ್ ಕೇಳಿದರು. ಹೇಳಿದೆ. ಅವರು ಕೊಳವೆಯ ಬಾಯಿಯನ್ನು ಬೆರಳಲ್ಲೇ ಚಪ್ಪಟೆ ಮಾಡಿ ತೋರಿಸಿದರು. ಉರಿಗೆ ಹಿಡಿದರೆ ಹಿತ್ತಾಳೆ ಮೆತ್ತಗಾಗುತ್ತದಂತೆ. ಆಮೇಲೆ ಅದು ಗುಂಡಿರಲಿ, ಗಾಳಿಯನ್ನೂ ಹಿಡಿಯುವುದಿಲ್ಲವಂತೆ. ಮದ್ದು ತುಂಬಿದ್ದರೆ ಗತಿಯೇನು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಚಪ್ಪಟೆಯಾದ ಕೊಳವೆಯನ್ನು ಮೇಜಿನ ಮೇಲಿಟ್ಟು "ಗ್ರ್ಯಾಂಡ್" ಅಂದರು. ಈ ದೇಶದಲ್ಲಿ ಕೈಮೀರಿದ್ದಕ್ಕೆಲ್ಲ ಹೇಳುವ ಮಾತು ಅದೇ. ಒತ್ತುವ ಯಂತ್ರ ಅವರಿಗೇ ವಾಪಸ್ ಹೋಯಿತು, ಮಾನವಂತೂ ವಾಪಸ್ ಬರಲೇ ಇಲ್ಲ.

ಆದರೆ ಆ ಹೊಳಪು ಬ್ರೆಂಡನ್ ಕಣ್ಣಿಗೆ ಬಿದ್ದಿತ್ತು. ಇಷ್ಟು ಚೆನ್ನಾಗಿ ಬೆಳಗಿದ್ದು ಯಾವುದರಲ್ಲಿ ಎಂದು ವಿಚಾರಿಸಿ, ಕ್ಲಬ್ಬಿನ ಕಪಾಟು ತೆಗೆದು, ಕಿಲುಬು ಹಿಡಿದ ಹಿತ್ತಾಳೆ ಟ್ರೋಫಿಗಳನ್ನೆಲ್ಲ ನನ್ನ ಮುಂದೆ ಸಾಲಾಗಿ ಇಟ್ಟರು. ಮಾವ ಚಹಾದ ಲೋಟ ಹಿಡಿದು ಎದುರಿಗೇ ಕುರ್ಚಿ ಎಳೆದುಕೊಂಡು ಕೂತರು.

"ತಿಕ್ಕಿ, ತಿಕ್ಕಿ. ಇದು ನಿಮಗೆ ಬರುತ್ತೆ," ಅಂದರು.

ತಿಕ್ಕಿದೆ. ಈಗ ಆ ಟ್ರೋಫಿಗಳ ಮೇಲೆ, ಗೆದ್ದವರ ಹೆಸರುಗಳೆಲ್ಲ ಸ್ಪಷ್ಟವಾಗಿ ಕಾಣುತ್ತವೆ.